ತಪ್ಪಿಗೂ ಒಂದು ತಾಳವಿತ್ತು

ತೊಂಬತ್ತರ ದಶಕದಲ್ಲಿ ಕಂಪ್ಯೂಟರಿನ ಮುಂದೆ ಕೂತು ಹಾಡು ಕಟ್ಟಲು ಕಲಿತ ನಮ್ಮಂಥವರಿಗೆ ಸಂಗೀತವೆಂದರೆ ಪರದೆಯ ಮೇಲೆ ಓಡುವ ಅಂಕಿ ಅಕ್ಷರಗಳು. ಒಂದೊಂದು ಚಾನೆಲ್ಲಿಗೆ ಒಂದೊಂದು ಕಂಬ. ಪ್ರತಿ ಸಾಲಿನಲ್ಲೂ ಸ್ವರ, ಮೊದಲೇ ಮುದ್ರಿಸಿಟ್ಟ ದನಿಯ ತುಣುಕಾದ ಸ್ಯಾಂಪಲ್‌ನ ಸಂಖ್ಯೆ, ಆ ಸ್ವರವನ್ನು ಜಾರಿಸುವ, ನಡುಗಿಸುವ ಅಥವಾ ತುಂಡರಿಸುವ ಒಂದು ಆದೇಶ. 64 ಸಾಲು ಸೇರಿದರೆ ಒಂದು ಪ್ಯಾಟರ್ನ್, ಪ್ಯಾಟರ್ನ್‌ಗಳನ್ನು ಪೋಣಿಸಿದರೆ ಹಾಡು. ಟ್ರ್ಯಾಕರ್ ಎಂಬ ತಂತ್ರಾಂಶ ಮಾಡುತ್ತಿದ್ದದ್ದು ಇಷ್ಟೇ. ನಮಗೆ ಅದೇ ದೊಡ್ಡ ಲೋಕ.

ಟ್ರ್ಯಾಕರ್ ಹುಟ್ಟಿದ್ದು ಅಮಿಗಾ ಕಂಪ್ಯೂಟರಿನಲ್ಲಿ. ಜರ್ಮನಿಯ ಕಾರ್ಸ್ಟನ್ ಒಬಾರ್ಸ್ಕಿ 1987ರಲ್ಲಿ ಅಲ್ಟಿಮೇಟ್ ಸೌಂಡ್‌ಟ್ರ್ಯಾಕರ್ ಬರೆದರು. ಅಮಿಗಾದ ಪೌಲಾ ಚಿಪ್‌ಗೆ ನಾಲ್ಕೇ ಚಾನೆಲ್: ಎರಡು ಪೂರ್ತಿ ಎಡಕ್ಕೆ, ಎರಡು ಪೂರ್ತಿ ಬಲಕ್ಕೆ. ಹಾಡಿನ ಗಡಿಯಾರ ಟಿವಿಯ ಪರದೆಗೆ ಕಟ್ಟಿಹಾಕಿದ್ದು. ಯುರೋಪಿನ ಅಮಿಗಾದಲ್ಲಿ ಸೆಕೆಂಡಿಗೆ 50 ಮಿಡಿತ, ಅಮೆರಿಕದ ಅಮಿಗಾದಲ್ಲಿ 60. ಹಾಗಾಗಿ ಯುರೋಪಿನಲ್ಲಿ ಕಟ್ಟಿದ ಹಾಡು ಅಮೆರಿಕದಲ್ಲಿ ಶ್ರುತಿ ಹೆಚ್ಚುಕಡಿಮೆ ಹಾಗೇ ಉಳಿಸಿಕೊಂಡು ಐದನೇ ಒಂದು ಪಾಲು ಬೇಗ ಓಡುತ್ತಿತ್ತು.

ನಮಗೆ ಸಿಕ್ಕಿದ್ದು ಪಿಸಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಕೊಂಡು ಜೋಡಿಸಿದ ಯಂತ್ರ, ಅದರಲ್ಲಿ ಡಾಸ್, ಪೆಟ್ಟಿಗೆಯೊಳಗೆ ಸೌಂಡ್ ಬ್ಲಾಸ್ಟರಿಗೆ ಹೊಂದುತ್ತದೆಂದು ಹೊದಿಕೆಯ ಮೇಲೆ ಅಚ್ಚು ಹಾಕಿದ್ದ ಅಗ್ಗದ ಸೌಂಡ್ ಕಾರ್ಡು. 'ಸೆಟ್ ಬ್ಲಾಸ್ಟರ್ = ಎ220 ಐ5 ಡಿ1' ಎಂಬ ಸಾಲು ನಮಗೆಲ್ಲ ಬಾಯಿಪಾಠವಾಗಿತ್ತು. ಪೋರ್ಟ್ 220, ಐಆರ್‌ಕ್ಯೂ 5, ಡಿಎಂಎ 1. ಐಆರ್‌ಕ್ಯೂ 7 ಎಂದು ಕೊಟ್ಟರೆ ಪ್ರಿಂಟರ್ ಪೋರ್ಟಿನೊಡನೆ ಜಗಳ. ಸಂಖ್ಯೆ ಹೊಂದದಿದ್ದರೆ ದನಿಯ ಮೊದಲ ಚೂರೇ ಮತ್ತೆ ಮತ್ತೆ ಬಡಿದುಕೊಳ್ಳುತ್ತಿತ್ತು. ಆಗ ಕ್ಯಾಬಿನೆಟ್ ಬಿಚ್ಚಿ ಜಂಪರ್ ಬದಲಿಸಿ ಮತ್ತೆ ಚಾಲೂ ಮಾಡಬೇಕು. ಯಾರ ಮನೆಯಲ್ಲಿ ಯಾವ ಕಾರ್ಡು ಯಾವ ಸಂಖ್ಯೆಗೆ ಒಲಿಯುತ್ತದೆಂದು ಗೆಳೆಯರಿಗೆಲ್ಲ ಗೊತ್ತಿರುತ್ತಿತ್ತು.

ನಾವೆಲ್ಲ ಆಸೆಪಟ್ಟದ್ದು 1992ರಲ್ಲಿ ಬಂದ ಗ್ರಾವಿಸ್ ಅಲ್ಟ್ರಾಸೌಂಡ್ ಕಾರ್ಡಿಗೆ. ಸ್ಯಾಂಪಲ್‌ಗಳನ್ನು ತನ್ನದೇ ಮೆಮೊರಿಯಲ್ಲಿಟ್ಟುಕೊಂಡು 32 ದನಿಗಳನ್ನು ತಾನೇ ಬೆರೆಸುತ್ತಿತ್ತು. ಅದಕ್ಕೂ ಮಿತಿಯಿತ್ತು. 14 ದನಿಯವರೆಗೆ 44.1 ಕಿಲೋಹರ್ಟ್ಸ್, 32 ದನಿ ತೆರೆದರೆ 19.2ಕ್ಕೆ ಇಳಿತ. ಚಾನೆಲ್ ಹೆಚ್ಚಿದಷ್ಟೂ ನಾದ ಮಂಕು. ಸೌಂಡ್ ಬ್ಲಾಸ್ಟರಿಗಾಗಿ ಬರೆದ ಆಟಗಳು ಅದರಲ್ಲಿ ಸಲೀಸಾಗಿ ನಡೆಯುತ್ತಲೂ ಇರಲಿಲ್ಲ.

ಇನ್ನು ತಂತ್ರಾಂಶದೊಳಗಿನ ದೋಷಗಳು. ಫಿನ್ಲೆಂಡಿನ ಫ್ಯೂಚರ್ ಕ್ರೂ ಬಳಗದ ಸಾಮಿ ತಮ್ಮಿಲೆಹ್ತೊ ಬರೆದ ಸ್ಕ್ರೀಮ್ ಟ್ರ್ಯಾಕರ್ 3 ನನಗೆ ಅತ್ಯಂತ ಪ್ರಿಯ. ಟ್ರ್ಯಾಕರ್‌ಗಳಲ್ಲಿ ಒಂದು ಸಾಲೆಂದರೆ ಹಲವು ಟಿಕ್‌ಗಳು. ದನಿಯನ್ನು ಏರಿಸುವ ಇಳಿಸುವ ಆದೇಶ ಮೊದಲ ಟಿಕ್ ಬಿಟ್ಟು ಉಳಿದವುಗಳಲ್ಲಿ ಕೆಲಸ ಮಾಡಬೇಕು. 3.00 ಆವೃತ್ತಿಯಲ್ಲಿ ಅದು ಮೊದಲ ಟಿಕ್ಕಿನಲ್ಲೂ ನಡೆದುಬಿಡುತ್ತಿತ್ತು. ಮುಂದಿನ ಆವೃತ್ತಿಯಲ್ಲಿ ಸರಿಪಡಿಸಿದರು. ಆದರೆ ಅಷ್ಟರಲ್ಲಿ ಜನ ಆ ವೇಗಕ್ಕೇ ಕಿವಿಗೊಟ್ಟು ಹಾಡು ಕಟ್ಟಿಯಾಗಿತ್ತು. ಅದಕ್ಕೆ ಹಾಡಿನ ಕಡತದ ತಲೆಯಲ್ಲೇ ಒಂದು ಗುರುತು ಸೇರಿತು: ಇದನ್ನು 3.00ರ ರೀತಿಯಲ್ಲೇ ನುಡಿಸಿ ಎಂದು. ಹಳೆಯ ಹಾಡಿನ ಮರ್ಯಾದೆ ಉಳಿಸಲು ತಪ್ಪಿಗೊಂದು ಜಾಗ ಮಾಡಿಕೊಟ್ಟ ಆ ಔದಾರ್ಯ ಈಗಲೂ ನನ್ನ ಮನಸ್ಸು ತುಂಬುತ್ತದೆ.

ಸ್ವೀಡನ್ನಿನ ಟ್ರೈಟನ್ ಬಳಗದ ಫಾಸ್ಟ್‌ಟ್ರ್ಯಾಕರ್ 2ರಲ್ಲಿ ಇ60 ಆದೇಶ ಹೆಸರುವಾಸಿ. ಪ್ಯಾಟರ್ನಿನ ಯಾವ ಸಾಲಿನಿಂದ ಮರಳಿ ನುಡಿಸಬೇಕೆಂದು ಅದು ಗುರುತು ಹಾಕುತ್ತದೆ. ಆ ಗುರುತು ಅಳಿಯದೆ ಉಳಿದು, ಮುಂದಿನ ಪ್ಯಾಟರ್ನ್ ಕೂಡ ಮೊದಲಿನಿಂದಲ್ಲದೆ ಅದೇ ಸಾಲಿನಿಂದ ಶುರುವಾಗುತ್ತಿತ್ತು. ಗೊತ್ತಿದ್ದವರು ಅದಕ್ಕೆ ತಕ್ಕಂತೆ ಪ್ಯಾಟರ್ನ್ ಬರೆಯುತ್ತಿದ್ದರು.

ಯಂತ್ರ ಚುರುಕಾದದ್ದೂ ಕೆಲವಕ್ಕೆ ಮುಳುವಾಯಿತು. ಬೋರ್ಲೆಂಡ್ ಪಾಸ್ಕಲ್‌ನಲ್ಲಿ ಬರೆದ ಅನೇಕ ಡಾಸ್ ತಂತ್ರಾಂಶಗಳು ಶುರುವಾಗುವಾಗ ಒಂದು ಭಾಗಾಕಾರದ ಮೂಲಕ ಪ್ರೊಸೆಸರಿನ ವೇಗ ಅಳೆಯುತ್ತಿದ್ದವು. ಸುಮಾರು 200 ಮೆಗಾಹರ್ಟ್ಸ್ ದಾಟಿದ ಯಂತ್ರದಲ್ಲಿ ಆ ಭಾಗಾಕಾರದ ಉತ್ತರ 16 ಬಿಟ್ಟುಗಳಲ್ಲಿ ಹಿಡಿಸದೆ 'ರನ್‌ಟೈಮ್ ಎರರ್ 200' ಎಂದು ನಿಂತುಬಿಡುತ್ತಿದ್ದವು. ಆಮೇಲೆ ಪಿಸಿಐ ಕಾರ್ಡುಗಳು ಬಂದವು, ಹಳೆಯ ಪೋರ್ಟು, ಡಿಎಂಎಗಳು ಹೋದವು. ವಿಂಡೋಸ್ ಎಕ್ಸ್‌ಪಿಯಂತೂ ಡಾಸ್ ತಂತ್ರಾಂಶವನ್ನು ನೇರವಾಗಿ ಯಂತ್ರಾಂಶ ಮುಟ್ಟಲು ಬಿಡಲಿಲ್ಲ. ಆಸ್ಟ್ರೇಲಿಯಾದ ಜೆಫ್ರಿ ಲಿಮ್ ಒಂದೊಂದು ಕಾರ್ಡಿಗೂ ಬೇರೆ ಬೇರೆ ಡ್ರೈವರ್ ಕೊಟ್ಟು ಬೆಳೆಸಿದ ಇಂಪಲ್ಸ್ ಟ್ರ್ಯಾಕರ್ ಕೂಡ ಹೊಸ ಯಂತ್ರಗಳಲ್ಲಿ ಮೂಕವಾಯಿತು.

ಇಷ್ಟು ಅಡ್ಡಿಗಳ ನಡುವೆಯೂ ಆ ದಿನಗಳು ಸಿಹಿಯಾಗಿದ್ದವು, ಏಕೆಂದರೆ ಯಾರೂ ಏನನ್ನೂ ಮುಚ್ಚಿಡುತ್ತಿರಲಿಲ್ಲ. ಟ್ರ್ಯಾಕರ್ ಹಾಡಿನ ಮಾಡ್ ಕಡತ ತೆರೆದರೆ ಪ್ರತಿ ಸ್ವರ, ಪ್ರತಿ ಆದೇಶ ಕಣ್ಣೆದುರಿಗೆ. ಸ್ಯಾಂಪಲ್ ಹೆಸರಿಗೆಂದು ಬಿಟ್ಟಿದ್ದ 22 ಅಕ್ಷರಗಳ ಜಾಗದಲ್ಲಿ ಸಾಲುಸಾಲಾಗಿ ಗೆಳೆಯರಿಗೆ ನಮಸ್ಕಾರ, ಹಾಡು ಕಟ್ಟಿದ ಕಥೆ. ಫಿನ್ಲೆಂಡಿನ ಹುಡುಗನೊಬ್ಬ ಬಾಸ್‌ನ ಒಂದು ಸ್ವರವನ್ನು ಹೇಗೆ ಜಾರಿಸಿದನೆಂದು ಇಲ್ಲಿ ಕೂತು ಸಾಲು ಸಾಲಾಗಿ ಕಲಿತೆವು. ಗುರುಗಳ ಮುಖ ಕಾಣದೆ ಪಾಠವಾಗುತ್ತಿತ್ತು.

ದೋಷವಿದ್ದ ತಂತ್ರಾಂಶದಲ್ಲಿ ಕಿವಿಗೆ ಒಪ್ಪುವವರೆಗೆ ತಿದ್ದಿ ಮುಗಿಸಿದ ಹಾಡಿನಲ್ಲಿ ಆ ದೋಷವೂ ರಚನೆಯ ಭಾಗ. ಅದನ್ನು ತೆಗೆದರೆ ಹಾಡು ಬೇರೆಯಾಗುತ್ತದೆ. ಓಪನ್‌ಎಂಪಿಟಿ ಎಂಬ ಇಂದಿನ ಟ್ರ್ಯಾಕರ್ ಬರೆಯುತ್ತಿರುವವರು ಇದನ್ನು ಬಲ್ಲರು. ಕಡತ ಯಾವ ಟ್ರ್ಯಾಕರಿನದೆಂದು ಪತ್ತೆಹಚ್ಚಿ ಅದರ ವರ್ತನೆಯನ್ನೇ ಅನುಸರಿಸಿ ನುಡಿಸುವಂತೆ ಮಾಡಿದ್ದಾರೆ. ಹಳೆಯ ಡಾಸ್ ಯಂತ್ರವನ್ನು ಅನುಕರಿಸುವ ಡಾಸ್‌ಬಾಕ್ಸ್‌ನಲ್ಲಿ ಸೌಂಡ್ ಬ್ಲಾಸ್ಟರೂ ಅಲ್ಟ್ರಾಸೌಂಡೂ ಮತ್ತೆ ದನಿ ಪಡೆದಿವೆ. ಇಂಪಲ್ಸ್ ಟ್ರ್ಯಾಕರಿನ ಮೂಲ ಸಂಕೇತವನ್ನು ಅದರ ಕರ್ತೃವೇ 2014ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು.

ನಿಮ್ಮ ಮನೆಯ ಅಟ್ಟದಲ್ಲಿ ಆ ಕಾಲದ ಫ್ಲಾಪಿಗಳಿದ್ದರೆ ಈಗಲೇ ಇಳಿಸಿ ನಕಲು ಮಾಡಿಕೊಳ್ಳಿ. ಅವು ಸವೆಯುತ್ತಿವೆ. ಹಾಡಿನ ಜೊತೆಗೆ ಅದನ್ನು ಯಾವ ಟ್ರ್ಯಾಕರಿನ ಯಾವ ಆವೃತ್ತಿಯಲ್ಲಿ, ಯಾವ ಕಾರ್ಡಿನಲ್ಲಿ ಕಟ್ಟಿದಿರಿ ಎಂಬುದನ್ನೂ ಬರೆದಿಡಿ. ಮುಂದೆ ನುಡಿಸುವವರಿಗೆ ಆ ಮಾಹಿತಿ ಬೇಕೇ ಬೇಕು.