ಮಾಮುವಿನ ತೆಪ್ಪ, ನನ್ನ ಲೆಕ್ಕ

ಕಳೆದ ವರ್ಷ ನಾನು ಪ್ರಥಮ ಪಿಯುಸಿಯಲ್ಲಿದ್ದಾಗ ಒಂದು ಭಾನುವಾರ ಮಾಮು ಮನೆಗೆ ಬಂದರು. ಚಹಾ ಕುಡಿಯುತ್ತಾ, "ನೀನು ಸೈನ್ಸ್ ಓದ್ತಿದ್ದೀಯಲ್ಲ, ನನ್ನ ತೆಪ್ಪಕ್ಕೆ ಒಂದು ಬ್ಯಾಟರಿ ಆರಿಸಿಕೊಡು" ಅಂದರು. ನಮ್ಮ ಮನೆಯಲ್ಲಿ ದೊಡ್ಡವರೊಬ್ಬರು ನನ್ನನ್ನು ಸಲಹೆ ಕೇಳಿದ್ದು ಅದೇ ಮೊದಲು. ಅಮ್ಮಿ ಅಡುಗೆಮನೆಯಿಂದಲೇ ಇಣುಕಿ ನೋಡಿ ನಕ್ಕರು. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಯೋಚಿಸಲು ಒಂದು ದಿನವೂ ತೆಗೆದುಕೊಳ್ಳಲಿಲ್ಲ. ಆ ಅವಸರದ ಕಥೆಯನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮಾಮು ಇರುವುದು ಮಳವಳ್ಳಿ ಕಡೆಯ ಒಂದು ಹಳ್ಳಿಯಲ್ಲಿ. ಇನ್ನಿಬ್ಬರ ಜೊತೆ ಸೇರಿ ಕೆರೆಯಲ್ಲಿ ಕಾಟ್ಲಾ, ರೋಹು, ಮೃಗಾಲ್ ಮೀನು ಸಾಕುತ್ತಾರೆ. ದಿನಾ ಬೆಳಿಗ್ಗೆ ಮತ್ತು ಸಂಜೆ ಕಡಲೆಕಾಯಿ ಹಿಂಡಿ, ಅಕ್ಕಿ ತೌಡು ಕಲಸಿಕೊಂಡು ಕೆರೆಯೊಳಗೆ ಹೋಗಿ ಹಾಕಿ ಬರಬೇಕು. ಹರಿಗೋಲಿನಲ್ಲಿ ಮೂಟೆ ಇಟ್ಟುಕೊಂಡು ಓಡಾಡುವುದು ಕಷ್ಟ. ಅದಕ್ಕೆ 200 ಲೀಟರಿನ ಆರು ನೀಲಿ ಡ್ರಮ್ಮುಗಳನ್ನು ಬಿಗಿಯಾಗಿ ಮುಚ್ಚಿ, ಕಬ್ಬಿಣದ ಪೈಪಿನ ಚೌಕಟ್ಟಿಗೆ ಕಟ್ಟಿ, ಮೇಲೆ ಹಲಗೆ ಹೊಡೆದು ಒಂದು ತೆಪ್ಪ ಮಾಡಿಕೊಂಡಿದ್ದರು. ದೊಡ್ಡ ಊರುಗಳಲ್ಲಿ ಪಾಂಟೂನ್ ಬೋಟ್ ಎನ್ನುತ್ತಾರಲ್ಲ, ಇದು ಅದರ ಬಡ ತಮ್ಮ.

ಮೊದಲು ಅದನ್ನು ಹುಟ್ಟು ಹಾಕಿಯೇ ನಡೆಸುತ್ತಿದ್ದರು. ಆದರೆ ಎಕ್ಸೆಲ್ ಗಾಡಿಯಿಂದ ಬಿದ್ದ ಮೇಲೆ ಮಾಮುವಿನ ಬಲ ಭುಜ ಸರಿಯಾಗಿ ಏಳುತ್ತಿರಲಿಲ್ಲ. ಪೆಟ್ರೋಲ್ ಇಂಜಿನ್ ಹಾಕಿದರೆ ದನಕರು ಕುಡಿಯುವ ನೀರಿಗೆ ಎಣ್ಣೆ ಬೀಳುತ್ತದೆ, ಖರ್ಚೂ ಜಾಸ್ತಿ. ಹಾಗಾಗಿ ಬೆಂಗಳೂರಿನಿಂದ ಒಂದು ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಮೋಟರ್ ತಂದಿದ್ದರು. 12 ವೋಲ್ಟಿನದು. ಪೂರ್ತಿ ವೇಗದಲ್ಲಿ ಓಡಿದರೆ ಸುಮಾರು 30 ಆಂಪಿಯರ್ ಎಳೆಯುತ್ತದೆ. ನಮ್ಮ ತಾಲ್ಲೂಕಿನ ಶಿವನಸಮುದ್ರದಿಂದ 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ತಂತಿಯ ಮೇಲೆ ವಿದ್ಯುತ್ ಹೋಯಿತು ನಿಜ, ಆದರೆ ಕೆರೆಯ ನಡುವಿನ ತೆಪ್ಪಕ್ಕೆ ತಂತಿ ಎಳೆಯಲಾಗುವುದಿಲ್ಲ. ಬ್ಯಾಟರಿಯೇ ಬೇಕು.

ಅಂಗಡಿಯಲ್ಲಿ ನನ್ನ ಕಣ್ಣಿಗೆ ಬಿದ್ದದ್ದು 88 ಆಂಪಿಯರ್-ಅವರ್ ಎಂದು ಬರೆದಿದ್ದ ಟ್ರ್ಯಾಕ್ಟರ್ ಬ್ಯಾಟರಿ. ಉಳಿದವಕ್ಕಿಂತ ಬೆಲೆ ಕಡಿಮೆ. ನಾನು ಅಲ್ಲೇ ನಿಂತು ಲೆಕ್ಕ ಹಾಕಿದೆ. 88ನ್ನು 30ರಿಂದ ಭಾಗಿಸಿದರೆ ಹತ್ತಿರ ಹತ್ತಿರ ಮೂರು ಗಂಟೆ. ಮಾಮುವಿಗೆ ದಿನಕ್ಕೆ ಬೇಕಾದದ್ದು ಒಂದೂವರೆ ಗಂಟೆ. "ಟ್ರ್ಯಾಕ್ಟರನ್ನೇ ಎಬ್ಬಿಸುತ್ತೆ, ತೆಪ್ಪ ಯಾವ ಲೆಕ್ಕ?" ಅಂದೆ. ಏನಕ್ಕೆ ಬೇಕು ಎಂದು ಅಂಗಡಿಯವರು ಕೇಳಲಿಲ್ಲ, ನಾವೂ ಹೇಳಲಿಲ್ಲ. ಮಾಮು ಜೇಬಿನಿಂದ ಚೀಟಿ ಎತ್ತಿದ ದುಡ್ಡು ತೆಗೆದು ಎಣಿಸಿ ಕೊಟ್ಟರು. ಅದು ಅವರ ಮಗಳ ಸ್ಕೂಲ್ ಫೀಸಿಗೆಂದು ಇಟ್ಟದ್ದು ಎಂದು ನನಗೆ ಆಮೇಲೆ ಗೊತ್ತಾಯಿತು.

ಮೂರು ವಾರ ಎಲ್ಲಾ ಚೆನ್ನಾಗಿತ್ತು. ಊರಿನ ಹುಡುಗರು ಏರಿಯ ಮೇಲೆ ನಿಂತು ನೋಡುತ್ತಿದ್ದರು. ನಾಲ್ಕನೇ ವಾರ ನಾನೂ ಮಾಮುವಿನ ಜೊತೆ ಹೋಗಿದ್ದೆ. ಸಂಜೆ. ಮಳೆಯಾಗಿ ಕೆರೆ ತುಂಬಿ ಕೋಡಿ ಹರಿಯುತ್ತಿತ್ತು. ಮೇವು ಹಾಕಿ ತಿರುಗಿಸಿದೆವು, ಎದುರುಗಾಳಿ ಬಂತು, ಮಾಮು ವೇಗ ಹೆಚ್ಚಿಸಿದರು. ಮೋಟರ್ ಒಂದು ಸಲ ನರಳಿ ನಿಂತೇಹೋಯಿತು. ಹೊರಟು ಅರ್ಧ ಗಂಟೆಯೂ ಆಗಿರಲಿಲ್ಲ.

ಹುಟ್ಟು ಮನೆಯಲ್ಲಿತ್ತು. "ಮೋಟರ್ ಇದೆಯಲ್ಲ, ಅದು ಯಾಕೆ ಭಾರ" ಎಂದು ಬಿಟ್ಟು ಬರಲು ಹೇಳಿದ್ದವನೂ ನಾನೇ. ಗಾಳಿ ತೆಪ್ಪವನ್ನು ಮೆಲ್ಲಗೆ ಕೋಡಿಯ ಕಡೆಗೆ ತಳ್ಳತೊಡಗಿತು. ಮಾಮು ಒಂದು ಹಲಗೆ ಕಿತ್ತು ಎಡಗೈಯಲ್ಲಿ ನೀರು ತಳ್ಳಿದರು, ನಾನು ಮೇವಿನ ಬಾಣಲೆಯಲ್ಲಿ ತಳ್ಳಿದೆ. ಕೋಡಿಯ ಸದ್ದು ಜೋರಾಗುತ್ತಾ ಬಂತು. ದೂರದಲ್ಲಿ ಮಗ್ರಿಬ್ ಅಜಾನ್ ಕೇಳುತ್ತಿತ್ತು. ನಮ್ಮಿಬ್ಬರ ಮೈಮೇಲೆ ಲೈಫ್ ಜಾಕೆಟ್ ಕೂಡ ಇರಲಿಲ್ಲ. ನನಗೆ ಈಜು ಬರುವುದಿಲ್ಲ.

ಬಲೆ ಬಿಡಲು ಬಂದಿದ್ದ ಒಬ್ಬ ಅಜ್ಜ ತಮ್ಮ ಹರಿಗೋಲನ್ನು ತಿರುಗಿಸಿಕೊಂಡು ಬಂದು ಹಗ್ಗ ಎಸೆದರು. ದಡ ಮುಟ್ಟಿದ ಮೇಲೆ ಅವರು ಕೇಳಿದ್ದು ಒಂದೇ ಮಾತು: "ಏನ್ ಸಾಬ್ರೇ, ಬ್ಯಾಟ್ರಿ ನಂಬ್ಕೊಂಡು ಹುಟ್ಟ ಮನೇಲ್ ಬುಟ್ಟು ಬಂದ್ರಾ?" ಮಾಮು ನನ್ನ ಕಡೆ ನೋಡಲಿಲ್ಲ. ಬೈಯ್ಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು.

ಮಾರನೇ ದಿನ ಆ ಬ್ಯಾಟರಿಯನ್ನು ಮದ್ದೂರಿನಲ್ಲಿ ಬ್ಯಾಟರಿ ಕೆಲಸ ಮಾಡುವ ಹಿರಿಯರೊಬ್ಬರ ಬಳಿ ಒಯ್ದೆವು. ಅವರು ಚಾರ್ಜಿಗೆ ಹಾಕಿ, ಸಂಜೆ ಒಂದೊಂದೇ ಮುಚ್ಚಳ ಬಿಚ್ಚಿ ಹೈಡ್ರೋಮೀಟರ್ ಇಳಿಸಿ ನೋಡಿದರು. ತುಂಬಿದ ಬ್ಯಾಟರಿಯಲ್ಲಿ ಅದು 1.28ರ ಹತ್ತಿರ ನಿಲ್ಲಬೇಕು. ನಮ್ಮದರಲ್ಲಿ ಎರಡು ಸೆಲ್ ಮೇಲೇಳಲೇ ಇಲ್ಲ. "ಮಗಾ, ಇದು ಓಟದ ಕುದುರೆ. ನೀನು ಇದನ್ನ ಗಾಡಿ ಎತ್ತು ಮಾಡ್ಬುಟ್ಟಿದ್ದೀಯ" ಅಂದರು.

ಅವರು ಹೇಳಿದ್ದನ್ನು ಹೀಗೆ ಬರೆದಿಟ್ಟುಕೊಂಡೆ. ವಾಹನ ಸ್ಟಾರ್ಟ್ ಮಾಡುವ ಬ್ಯಾಟರಿಯೊಳಗೆ ತೆಳುವಾದ ಸೀಸದ ಫಲಕಗಳು ಬಹಳ ಇರುತ್ತವೆ. ಕೆಲವೇ ಸೆಕೆಂಡು ನೂರಾರು ಆಂಪಿಯರ್ ಕೊಟ್ಟು ಸುಮ್ಮನಾಗುವುದು ಅದರ ಕೆಲಸ, ಆಮೇಲೆ ಇಂಜಿನ್ನೇ ಅದನ್ನು ತುಂಬಿಸುತ್ತದೆ. ಅದನ್ನು ದಿನಾ ತಳ ಕಾಣುವವರೆಗೆ ಖಾಲಿ ಮಾಡಿದರೆ ಫಲಕದ ಮೇಲಿನ ಪುಡಿ ಉದುರಿಹೋಗುತ್ತದೆ. ಗಂಟೆಗಟ್ಟಲೆ ನಿಧಾನವಾಗಿ ಕೊಡುವ ಕೆಲಸಕ್ಕೆ ದಪ್ಪ ಫಲಕದ, ಇಲ್ಲವೇ ಮನೆಯ ಇನ್ವರ್ಟರಿಗೆ ಹಾಕುವ ಟ್ಯೂಬ್ಯುಲರ್ ಬ್ಯಾಟರಿ ಬೇಕು.

ನನ್ನ ಭಾಗಾಕಾರವೂ ತಪ್ಪಾಗಿತ್ತು. ಬ್ಯಾಟರಿಯ ಮೇಲೆ ಸಿ20 ಎಂದಿದ್ದರೆ, ಆ ಸಂಖ್ಯೆ 20 ಗಂಟೆ ನಿಧಾನವಾಗಿ ಬಳಸಿದಾಗಿನದು. 100 ಆಂಪಿಯರ್-ಅವರ್ ಎಂದರೆ 5 ಆಂಪಿಯರಿನಂತೆ 20 ಗಂಟೆ. 30 ಆಂಪಿಯರಿನಂತೆ ಎಳೆದರೆ ಅಷ್ಟು ಸಿಗುವುದೇ ಇಲ್ಲ. ಸಿಕ್ಕಿದ್ದರಲ್ಲೂ ಅರ್ಧ ಮಾತ್ರ ಬಳಸಿ ಅರ್ಧ ಉಳಿಸಿದರೆ ಸೀಸದ ಬ್ಯಾಟರಿ ವರ್ಷಗಟ್ಟಲೆ ಬಾಳುತ್ತದೆ. ಹಾಗಾದರೆ ಲೆಕ್ಕ ಶುರುವಾಗಬೇಕಾದದ್ದು ಅಂಗಡಿಯಲ್ಲಲ್ಲ, ಕೆರೆಯಲ್ಲಿ. ಮಾಮು ಅರ್ಧ ವೇಗದಲ್ಲಿ ಹೋದರೆ ಸುಮಾರು 15 ಆಂಪಿಯರ್, ಒಂದೂವರೆ ಗಂಟೆಗೆ 22ರಷ್ಟು. ಗಾಳಿಯ ದಿನ ಪೂರ್ತಿ ವೇಗವಾದರೆ 45. ಅದರ ಎರಡರಷ್ಟು 90. ವೇಗವಾಗಿ ಎಳೆಯುವ ನಷ್ಟ, ಹಿಂದಿರುಗುವ ಭರವಸೆ ಸೇರಿಸಿದರೆ 150 ಬೇಕು.

ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯನ್ನೂ ವಿಚಾರಿಸಿದೆವು. ಅದನ್ನು ನೂರಕ್ಕೆ 80ರಷ್ಟು ಬಳಸಬಹುದು, 100 ಆಂಪಿಯರ್-ಅವರಿನದು ಒಂದು ಕೈಯಲ್ಲಿ ಎತ್ತುವಷ್ಟು ಹಗುರ. ಕೇರಳದ ವೈಕಂನಲ್ಲಿ 2017ರಿಂದ 75 ಜನರನ್ನು ದಾಟಿಸುವ 'ಆದಿತ್ಯ' ಎಂಬ ಸೌರ ದೋಣಿ ಓಡುವುದು ಲಿಥಿಯಂ ಬ್ಯಾಟರಿಯಿಂದಲೇ. ಆದರೆ ಬೆಲೆ ಮತ್ತು ಬೇರೆ ಚಾರ್ಜರ್ ನಮ್ಮ ಕೈಗೆಟುಕಲಿಲ್ಲ. ಟ್ಯೂಬ್ಯುಲರ್ ಬ್ಯಾಟರಿ 50 ಕಿಲೋ ದಾಟುತ್ತದೆ, ತೆಪ್ಪ ತಡೆಯುತ್ತದೆಯೇ? ಈ ಸಲ ಮೊದಲೇ ಲೆಕ್ಕ ಹಾಕಿದೆ. ಆರು ಡ್ರಮ್ ಅರ್ಧ ಮುಳುಗಿದರೆ 600 ಲೀಟರ್ ನೀರು ಸರಿಯುತ್ತದೆ, ಅಂದರೆ 600 ಕಿಲೋ ಹೊರುತ್ತದೆ. ಡ್ರಮ್ಮು, ಚೌಕಟ್ಟು, ಇಬ್ಬರು ಜನ, ಮೇವು, ಬ್ಯಾಟರಿ ಎಲ್ಲಾ ಸೇರಿ ಅದರೊಳಗೇ ಬಂತು. ಮೂಲೆಯಲ್ಲಿಟ್ಟರೆ ತೆಪ್ಪ ವಾಲುತ್ತದೆಂದು ನಡುವೆ ಪೆಟ್ಟಿಗೆ ಮಾಡಿ ಬಿಗಿದೆವು. ವೈರಿಗೆ ಫ್ಯೂಸ್ ಹಾಕಿದೆವು.

ಹಳೆಯದನ್ನು ಗುಜರಿಗೆ ಕೊಟ್ಟು, ಉಳಿದ ಹಣಕ್ಕೆ ಮಾಮು ಸಾಲ ಮಾಡಿದರು. ಅವರ ಮಗಳ ಫೀಸು ಎರಡು ತಿಂಗಳು ತಡವಾಯಿತು. ಇದನ್ನು ಬರೆಯದೆ ಬಿಟ್ಟರೆ ಈ ಲೇಖನ ಸುಳ್ಳಾಗುತ್ತದೆ. ಇನ್ನೊಬ್ಬರ ದುಡ್ಡು ನಮ್ಮ ಮಾತಿನ ಮೇಲೆ ಖರ್ಚಾಗುವುದಾದರೆ ಅದು ಅಮಾನತ್ ಎಂದು ಅಬ್ಬಾ ಅಂದು ರಾತ್ರಿ ಹೇಳಿದರು. ಅಷ್ಟೇ ಹೇಳಿದರು.

ಈ ವರ್ಷ ನಮ್ಮ ಕೆಮಿಸ್ಟ್ರಿ ತರಗತಿಯಲ್ಲಿ ಸೀಸದ ಸಂಚಯಕ ಕೋಶದ ಪಾಠ ಬಂತು. ಬ್ಯಾಟರಿ ಖಾಲಿಯಾಗುತ್ತಾ ಎರಡೂ ಫಲಕಗಳು ಲೆಡ್ ಸಲ್ಫೇಟ್ ಆಗುತ್ತವೆ, ಆಸಿಡ್ ಕರಗಿ ನೀರಾಗುತ್ತಾ ಹೋಗುತ್ತದೆ ಎಂದು ಮೇಡಂ ಬೋರ್ಡಿನ ಮೇಲೆ ಸಮೀಕರಣ ಬರೆದರು. ಹೈಡ್ರೋಮೀಟರ್ ಯಾಕೆ ಕೆಳಗಿಳಿಯುತ್ತದೆ ಎಂದು ಕೇಳಿದಾಗ ನಾನು ಕೈ ಎತ್ತಿದೆ. ಖಾಲಿ ಬ್ಯಾಟರಿಯನ್ನು ಹಾಗೇ ಬಿಟ್ಟರೆ ಆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಅದಕ್ಕೇ ಅದೇ ರಾತ್ರಿ ಚಾರ್ಜಿಗೆ ಹಾಕಬೇಕು. ಚಾರ್ಜ್ ಆಗುವಾಗ ಹೈಡ್ರೋಜನ್ ಬರುವುದರಿಂದ ಗಾಳಿಯಾಡುವ ಜಾಗದಲ್ಲಿಡಬೇಕು. ಡಿಸ್ಟಿಲ್ಡ್ ವಾಟರ್ ಬಿಟ್ಟು ಬೇರೆ ನೀರು ಹಾಕಬಾರದು. ಇವೆಲ್ಲ ನನಗೆ ಪಾಠಕ್ಕೆ ಮೊದಲೇ ಗೊತ್ತಿತ್ತು. ಗೊತ್ತಾದ ದಾರಿ ಮಾತ್ರ ದುಬಾರಿ.

ನಿಮ್ಮ ಮನೆಯಲ್ಲೂ ಯಾರಾದರೂ ಇನ್ವರ್ಟರಿಗೋ ಆಟೋಗೋ ಬ್ಯಾಟರಿ ಆರಿಸಲು ನಿಮ್ಮನ್ನು ಕರೆಯಬಹುದು. ಸೈನ್ಸ್ ಓದುವವರೆಂದು ನಂಬಿಯೇ ಕರೆಯುತ್ತಾರೆ. ಹೋಗಿ. ಆದರೆ ಬೆಲೆ ನೋಡುವ ಮೊದಲು ಎರಡು ಪ್ರಶ್ನೆ ಕೇಳಿ: ಏನು ಕೆಲಸ, ಎಷ್ಟು ಹೊತ್ತು? ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ. ನಾನು ಅಂದು ಆ ಒಂದು ಮಾತು ಹೇಳಲು ನಾಚಿಕೊಂಡೆ.

ಹೊಸ ಬ್ಯಾಟರಿ ಇಂದಿಗೂ ಚೆನ್ನಾಗಿದೆ. ಹೋದ ತಿಂಗಳು ಮತ್ತೆ ತೆಪ್ಪ ಹತ್ತಿದೆ. ಈಗ ಎರಡು ಲೈಫ್ ಜಾಕೆಟ್ ಇವೆ. ಹಲಗೆಯ ಪಕ್ಕ ಎರಡು ಹುಟ್ಟುಗಳನ್ನು ಹಗ್ಗದಲ್ಲಿ ಕಟ್ಟಿಟ್ಟಿದ್ದಾರೆ. ನಾನು ಅವನ್ನೇ ನೋಡುತ್ತಿದ್ದಾಗ ಮಾಮು ನಕ್ಕು, "ಚಾರ್ಜರ್ ಹಳೇದಾಗಿದೆ, ಯಾವುದು ತಗೊಳ್ಳಲಿ, ನೋಡಿ ಹೇಳು" ಅಂದರು. "ಒಂದು ವಾರ ಟೈಮ್ ಕೊಡಿ ಮಾಮು" ಅಂದೆ.