ಪಹಣಿಯಲ್ಲಿ ಹೆಸರಿಲ್ಲದವರು

ಗ್ರಾಮ ಪಂಚಾಯಿತಿ ಅಧ್ಯಕ್ಷೆಯಾಗಿದ್ದಾಗ ಸೋಲಾರ್ ಕಂಪನಿಯೊಂದಕ್ಕೆ ನಿರಾಕ್ಷೇಪಣಾ ಪತ್ರ ಕೊಟ್ಟೆ. ಗ್ರಾಮಸಭೆ ಕರೆಯದೆ ಕೊಟ್ಟೆ. ಸಾಮಾನ್ಯ ಸಭೆಯ ನಡಾವಳಿ ಪುಸ್ತಕದಲ್ಲಿ ‘ಇತರೆ ವಿಷಯಗಳು’ ಎಂಬಲ್ಲಿ ಅದನ್ನು ಸೇರಿಸಿ, ಸದಸ್ಯರಿಂದ ಸಹಿ ಹಾಕಿಸಿ, ಮೊಹರು ಒತ್ತಿಸಿದೆ. ಯಾರೂ ದುಡ್ಡು ಕೊಟ್ಟಿರಲಿಲ್ಲ, ಯಾರೂ ಹೆದರಿಸಿರಲಿಲ್ಲ. ಊರಿಗೆ ಒಳ್ಳೆಯದಾಗುತ್ತದೆ ಎಂದು ಮನಸಾರೆ ನಂಬಿದ್ದೆ. ಅಂಥದೇ ನಂಬಿಕೆಯಿಂದ ಇವತ್ತೂ ಎಷ್ಟೋ ಪಂಚಾಯಿತಿಗಳಲ್ಲಿ ಸಹಿ ಬೀಳುತ್ತಿರಬಹುದು. ಇದನ್ನು ಬರೆಯುತ್ತಿರುವುದು ಅದಕ್ಕಾಗಿಯೇ.

ನಮ್ಮದು ಚಿತ್ರದುರ್ಗ ಜಿಲ್ಲೆಯ ಮಳೆಯಾಶ್ರಿತ ಊರು. ಶೇಂಗಾ ಬಿಟ್ಟರೆ ರಾಗಿ, ತೊಗರಿ. ಪಕ್ಕದ ಪಾವಗಡದ ಸುದ್ದಿ ನಮಗೆಲ್ಲ ದಿನನಿತ್ಯದ ಮಾತಾಗಿತ್ತು. ತಿರುಮಣಿ, ಬಳಸಮುದ್ರ, ಕ್ಯಾತಗಾನಚೆರ್ಲು, ವಳ್ಳೂರು, ರಾಯಚೆರ್ಲು ಈ ಐದು ಹಳ್ಳಿಗಳ ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಬಂತು. 2018ರ ಮಾರ್ಚ್‌ನಲ್ಲಿ ಉದ್ಘಾಟನೆಯೂ ಆಯಿತು. ಅಲ್ಲಿ ಜಮೀನು ಕಿತ್ತುಕೊಳ್ಳಲಿಲ್ಲ, 28 ವರ್ಷದ ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರಿಕೆ. ಬಿತ್ತನೆ ಬೀಜದ ಸಾಲವೂ ತೀರದ ಹೊಲಕ್ಕೆ ಇಷ್ಟು ಹಣ ಬರುವುದು ಸಣ್ಣ ಮಾತಲ್ಲ. ಭೂಮಿ ಮಾರದೆ ಆದಾಯ ಕಂಡ ಆ ರೈತರ ಬಗ್ಗೆ ನನಗೆ ಆಗಲೂ ಸಂತೋಷವಿತ್ತು, ಈಗಲೂ ಇದೆ.

ನಮ್ಮೂರಿಗೆ ಬಂದ ಕಂಪನಿ ಪಾವಗಡದ್ದರ ಮುಂದೆ ತೀರಾ ಚಿಕ್ಕದು. ಅದರ ಪ್ರತಿನಿಧಿ ಒಂದು ಪಟ್ಟಿ ತಂದಿದ್ದರು: ಸರ್ವೆ ನಂಬರ್, ವಿಸ್ತೀರ್ಣ, ಖಾತೆದಾರರ ಹೆಸರು. ಆ ಪಟ್ಟಿಯ ಹಿಂದೆ ನಾನು ಬಹಳ ಓಡಾಡಿದೆ. ಅಪ್ಪ ತೀರಿಕೊಂಡು ಪೌತಿ ಖಾತೆ ಆಗದವರು, ಅಣ್ಣತಮ್ಮಂದಿರ ನಡುವೆ ಪೋಡಿ ಆಗದವರು ಯಾರೂ ಗುತ್ತಿಗೆ ಹಣ ಕಳೆದುಕೊಳ್ಳಬಾರದೆಂದು ನಾಡಕಚೇರಿಗೆ ಅಲೆದೆ. ಪಹಣಿಯಲ್ಲಿ ಹೆಸರಿದ್ದ ಒಬ್ಬರೂ ಬಿಟ್ಟುಹೋಗಲಿಲ್ಲ. ಹೆಸರೇ ಇಲ್ಲದವರ ನೆನಪು ನನಗೆ ಬರಲೇ ಇಲ್ಲ.

ಅವರು ಕಡಿಮೆ ಜನವೇನಲ್ಲ. 1974ರ ಭೂಸುಧಾರಣೆ ತಿದ್ದುಪಡಿ ಗೇಣಿ ಪದ್ಧತಿಯನ್ನು ರದ್ದು ಮಾಡಿತು, ಉಳುವವರಿಗೆ ಭೂಮಿ ಸಿಕ್ಕಿತು. ಆದರೆ ಆಮೇಲೂ ವಾರಕ್ಕೆ, ಅಂದರೆ ಬೆಳೆಯಲ್ಲಿ ಪಾಲು ಕೊಡುವ ಮಾತಿನ ಮೇಲೆ, ಹೊಲ ಮಾಡುವುದು ನಿಲ್ಲಲಿಲ್ಲ; ಕಾಗದದಿಂದ ಹೋಗಿ ಬಾಯಿಮಾತಿನಲ್ಲಿ ಉಳಿಯಿತು. ಬೆಂಗಳೂರು ಸೇರಿದವರ ಹೊಲಗಳನ್ನು ನಮ್ಮೂರಲ್ಲಿ ಎಷ್ಟೋ ಮನೆಯವರು ಹೀಗೆ ವಾರಕ್ಕೆ ಮಾಡುತ್ತಿದ್ದರು. ಕಂಪನಿ ಬಂದಾಗ ಬೆಂಗಳೂರಿನವರು ಬಂದು ಕರಾರಿಗೆ ಸಹಿ ಹಾಕಿ ಹೋದರು. ಉಳುತ್ತಿದ್ದವರಿಗೆ ‘ಈ ವರ್ಷದಿಂದ ಬೇಡ’ ಎಂಬ ಒಂದು ಮಾತು ಬಂತು, ಅಷ್ಟೆ. ಕಳೆ ಕೀಳುವ, ಶೇಂಗಾ ಬಿಡಿಸುವ ಹೆಂಗಸರಿಗೆ ಅಷ್ಟನ್ನೂ ಯಾರೂ ಹೇಳಲಿಲ್ಲ.

ಅವರಲ್ಲೊಬ್ಬರು, ನಾನು ದೊಡ್ಡಮ್ಮ ಎಂದೇ ಕರೆಯುವವರು, ಪಂಚಾಯಿತಿ ಕಟ್ಟೆಯ ಮೇಲೆ ಕೂತು ಕೇಳಿದರು: “ಹೊಲ ಇರೋರಿಗೆ ದುಡ್ಡು ಬಂತು, ಬರ್ಲಿ ಕಣಮ್ಮ. ಮದುವೆಯಾಗಿ ಬಂದಾಗಿನಿಂದ ನಾನು ಅದೇ ಹೊಲದಾಗೆ ಕಳೆ ಕಿತ್ತೀನಿ. ನನ್ನ ಹೆಸ್ರು ಯಾವ ಪಟ್ಟಿಯಾಗೈತೆ?” ಚಿಕ್ಕವಳಿದ್ದಾಗ ನಾನೂ ಅಮ್ಮನ ಜೊತೆ ಅದೇ ಸಾಲಿನಲ್ಲಿ ಕೂತು ಕಳೆ ಕಿತ್ತವಳು. ಪ್ಯಾನಲ್ ತೊಳೆಯುವ, ಹುಲ್ಲು ಕೊಯ್ಯುವ ಕೆಲಸ ಕೊಡಿಸುತ್ತೇನೆ ಎಂದೆ. ಸಿಕ್ಕಿದ್ದು ಕೆಲವೇ ಜನಕ್ಕೆ, ಅದೂ ವಯಸ್ಸಿನ ಹುಡುಗರಿಗೆ. ದೊಡ್ಡಮ್ಮ ಈಗ ಟೆಂಪೋ ಹತ್ತಿ ಬೇರೆ ಊರಿನ ಈರುಳ್ಳಿ ಹೊಲಕ್ಕೆ ಹೋಗುತ್ತಾರೆ.

ಬೇಲಿ ಬಿದ್ದ ಮೇಲೆ ಇನ್ನೊಂದು ತಪ್ಪು ಕಣ್ಣಿಗೆ ಬಿತ್ತು. ಹಟ್ಟಿಯಿಂದ ಕೆರೆಗೆ ಕುರಿ ಹೊಡೆದುಕೊಂಡು ಹೋಗುವ ದಾರಿಯೊಂದಿತ್ತು. ನಕಾಶೆ ಕಂಡ ದಾರಿಯಾಗಿದ್ದರೆ ಬೇಲಿ ಅಲ್ಲಿ ನಿಲ್ಲುತ್ತಿತ್ತು. ಇದು ರೂಢಿಯಲ್ಲಿ ನಡೆದು ಬಂದ ದಾರಿ, ಊರಿಗೆಲ್ಲ ಗೊತ್ತು, ನಕಾಶೆಗೆ ಗೊತ್ತಿಲ್ಲ. ಕಂಪನಿಯ ಸರ್ವೆಯವರಿಗೆ ಅದನ್ನು ತೋರಿಸಬೇಕಾದವಳು ನಾನಾಗಿದ್ದೆ. ಜೊತೆಗೆ, ಸಾಲುಗಳನ್ನು ಸಮ ಮಾಡಲು ಜೆಸಿಬಿ ಹಾಯಿಸಿ ಬದುಗಳನ್ನೆಲ್ಲ ಕೆಡವಿದರು. ಹೊಲದಿಂದ ಹೊಲಕ್ಕೆ ನಿಧಾನವಾಗಿ ಇಳಿದು ಕೆರೆಯ ಹಳ್ಳ ಸೇರುತ್ತಿದ್ದ ನೀರು ಉತ್ತರೆ ಮಳೆಯಲ್ಲಿ ಒಂದೇ ಕಡೆ ನುಗ್ಗಿತು. ಪ್ರತಿ ಪ್ಯಾನಲ್ ಸಾಲಿನ ಕೆಳ ಅಂಚಿನಲ್ಲಿ ನೀರು ಸುರಿದು, ಗೆರೆ ಎಳೆದಂತೆ ಕೊರಕಲು ಬಿದ್ದಿತ್ತು. ಆ ಕೊರಕಲುಗಳೆಲ್ಲ ಕೂಡಿ ಬೇಲಿಯ ತಗ್ಗಿನಲ್ಲಿ ಹೊರಬಿದ್ದು, ಗುತ್ತಿಗೆ ಕೊಡದೆ ಉಳಿದಿದ್ದ ಒಬ್ಬ ರೈತರ ರಾಗಿ ಹೊಲದ ಮೇಲ್ಮಣ್ಣನ್ನು ಹೊತ್ತೊಯ್ದವು. ತೆನೆ ಕಟ್ಟುವ ಹೊತ್ತಿನ ಪೈರು ಬೇರು ಸಮೇತ ಬದಿಗೆ ಒರಗಿತ್ತು. ಆ ರೈತರು ನನಗೆ ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಪಂಚಾಯಿತಿಯಿಂದ ಪತ್ರ ಬರೆದೆ. ಕಂಪನಿಯವರು ನನ್ನದೇ ನಿರಾಕ್ಷೇಪಣಾ ಪತ್ರದ ಜೆರಾಕ್ಸ್ ಲಗತ್ತಿಸಿ, ಇದರಲ್ಲಿ ಯಾವ ಷರತ್ತೂ ಇಲ್ಲ ಎಂದು ಉತ್ತರ ಕೊಟ್ಟರು. ಅವರು ಹೇಳಿದ್ದು ನಿಜವಾಗಿತ್ತು. ಬಹಳ ಕೇಳಿಕೊಂಡ ಮೇಲೆ ಬೇಲಿಯ ಹೊರಗೆ ಸುತ್ತು ಹಾಕಿ ಹೋಗುವ ಒಂದು ದಾರಿ ಬಿಟ್ಟರು. ಹಳ್ಳ ಮಾತ್ರ ಮೊದಲಿನಂತಾಗಲಿಲ್ಲ.

ಕಾನೂನು ಯಾಕೆ ತಡೆಯಲಿಲ್ಲ ಎಂದು ಆಮೇಲೆ ಓದಿ ತಿಳಿದುಕೊಂಡೆ. ಸಹಿ ಹಾಕುವ ಮುಂಚೆ ಮಾಡಬೇಕಾದ ಓದು ಅದು. 2013ರ ಭೂಸ್ವಾಧೀನ ಕಾಯ್ದೆ ಕೂಲಿಯವರನ್ನೂ ಗೇಣಿದಾರರನ್ನೂ ಬಾಧಿತರೆಂದು ಎಣಿಸುತ್ತದೆ, ಸಾಮಾಜಿಕ ಪರಿಣಾಮದ ಅಧ್ಯಯನವನ್ನೂ ಕೇಳುತ್ತದೆ. ಆದರೆ ನೇರ ಗುತ್ತಿಗೆ ಸ್ವಾಧೀನವಲ್ಲ, ಹಾಗಾಗಿ ಆ ಕಾಯ್ದೆ ಇಲ್ಲಿಗೆ ಬರುವುದಿಲ್ಲ. ಸೋಲಾರ್ ಫೋಟೋವೋಲ್ಟಾಯಿಕ್ ಯೋಜನೆಗಳಿಗೆ ಪರಿಸರ ಅನುಮತಿಯಿಂದ ವಿನಾಯಿತಿ ಇದೆ, ಹಾಗಾಗಿ ಸಾರ್ವಜನಿಕ ಅಹವಾಲು ಸಭೆಯೂ ಇಲ್ಲ. ಎಲ್ಲಿ ಮನೆ, ಎಲ್ಲಿ ಕಾರ್ಖಾನೆ, ಎಲ್ಲಿ ಹಸಿರು ಎಂದು ಬಣ್ಣ ಹಚ್ಚಿ ತೋರಿಸುವ ಮಾಸ್ಟರ್ ಪ್ಲಾನ್ ಇರುವುದು ಪಟ್ಟಣಗಳಿಗೆ ಮತ್ತು ಅವುಗಳ ಸುತ್ತಮುತ್ತಲಿಗೆ. ನಮ್ಮಂಥ ಹಳ್ಳಿಗೆ ಇರುವುದು ಭೂಕಂದಾಯ ಕಾಯ್ದೆಯ 95ನೇ ಕಲಮಿನ ಭೂಪರಿವರ್ತನೆ, ಸೋಲಾರ್‌ಗೆ ಅದನ್ನೂ ಸರಳ ಮಾಡಿದ್ದಾರೆ. ಅದು ಒಂದೊಂದೇ ಸರ್ವೆ ನಂಬರನ್ನು ನೋಡುತ್ತದೆ. ನೀರು ಯಾವ ಹೊಲದಿಂದ ಯಾವ ಹೊಲಕ್ಕೆ ಇಳಿಯುತ್ತದೆ, ಕುರಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಇಡೀ ಊರನ್ನು ಒಟ್ಟಿಗೆ ನೋಡುವ ಮೇಜು ತಾಲ್ಲೂಕು ಕಚೇರಿಯಲ್ಲೂ ಇಲ್ಲ, ಜಿಲ್ಲಾ ಕಚೇರಿಯಲ್ಲೂ ಇಲ್ಲ. ಹಾಗೆ ನೋಡಬಹುದಾಗಿದ್ದ ಜಾಗ ಗ್ರಾಮಸಭೆ ಒಂದೇ. ಅದನ್ನೇ ನಾನು ಕರೆಯಲಿಲ್ಲ.

ಸೋಲಾರ್ ಬೇಡ ಎನ್ನುವವಳಲ್ಲ ನಾನು. ಕೇಂದ್ರ ಸರ್ಕಾರ 2019ರಲ್ಲಿ ತಂದ ಪಿಎಂ ಕುಸುಮ್ ಯೋಜನೆಯ ನಿಯಮಗಳಲ್ಲೇ, ಉಳುಮೆಯ ಭೂಮಿಯಾದರೆ ಪ್ಯಾನಲ್‌ಗಳನ್ನು ಎತ್ತರದ ಕಂಬಗಳ ಮೇಲೆ ಕೂರಿಸಿ ಕೆಳಗೆ ಬೆಳೆ ತೆಗೆಯಲು ಅವಕಾಶವಿದೆ. ದಾರಿಗಳಿವೆ, ಕೇಳುವವರು ಬೇಕು.

ಈಗ ಅಧಿಕಾರದಲ್ಲಿರುವ ಅಧ್ಯಕ್ಷರಲ್ಲಿ, ಸದಸ್ಯರಲ್ಲಿ, ಪಿಡಿಒಗಳಲ್ಲಿ ನನ್ನದೊಂದು ಕೋರಿಕೆ. ಕಂಪನಿಯ ಜೀಪು ಬರುವ ಮುಂಚೆಯೇ ಗ್ರಾಮ ನಕಾಶೆ ತೆಗೆದುಕೊಂಡು ಊರಿನ ಹಿರಿಯರು, ಕುರಿಯವರು, ಕೂಲಿ ಹೆಂಗಸರ ಜೊತೆ ಹೊಲಗಳ ಮೇಲೆ ನಡೆಯಿರಿ. ರೂಢಿ ದಾರಿ, ಹಳ್ಳ, ಬ ಖರಾಬು, ಗೋಮಾಳ ಎಲ್ಲವನ್ನೂ ಗುರುತು ಹಾಕಿ ಗ್ರಾಮಸಭೆಯಲ್ಲಿ ಠರಾವು ಮಾಡಿಡಿ. ವಾರಕ್ಕೆ ಮಾಡುವವರ, ಕೂಲಿಗೆ ಹೋಗುವವರ ಹೆಸರುಗಳನ್ನು ಬೇರೆಯೇ ಪಟ್ಟಿ ಮಾಡಿ. ಬದು ಕೆಡವಬಾರದು, ದಾರಿ ಬಿಡಬೇಕು, ಗುತ್ತಿಗೆ ಮುಗಿದಾಗ ಕಂಬ-ಕಾಂಕ್ರೀಟ್ ಕಿತ್ತು ಹೊಲವನ್ನು ಹಿಂದಿರುಗಿಸಬೇಕು, ಕೆಲಸದಲ್ಲಿ ಈ ಪಟ್ಟಿಯವರಿಗೆ ಮೊದಲ ಪಾಲು ಇರಬೇಕು ಎಂದು ಷರತ್ತುಗಳನ್ನು ಬರೆದ ಮೇಲೆಯೇ ನಿರಾಕ್ಷೇಪಣಾ ಪತ್ರಕ್ಕೆ ಸಹಿ ಹಾಕಿ. ಒಮ್ಮೆ ಕೊಟ್ಟ ಪತ್ರವನ್ನು ವಾಪಸ್ ಪಡೆಯಲು ನನ್ನಿಂದ ಆಗಲಿಲ್ಲ.