ತಿರುಳಿನ ಅಂಚಿನ ಊರು

ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ: ಈ ನಾಲ್ಕರ ನಡುವಣ ನಾಡೇ ಕನ್ನಡದ ತಿರುಳೆಂದು ‘ಕವಿರಾಜಮಾರ್ಗ’ ಹೇಳಿರುವುದನ್ನು ಕನ್ನಡ ಓದಿದವರೆಲ್ಲ ಬಲ್ಲರು. ಇಂದಿನ ಹೆಸರಿನಲ್ಲಿ ಹೇಳುವುದಾದರೆ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ ಮತ್ತು ಬೈಲಹೊಂಗಲದ ಕಡೆಯ ಒಕ್ಕುಂದ. ಧಾರವಾಡದಲ್ಲಿ ಎಂ. ಎ. ಓದುತ್ತಿದ್ದಾಗ ಆ ಪದ್ಯ ಕೇಳಿದ ದಿನ ರಾತ್ರಿ ನಾನು ನಕಾಶೆ ಹರಡಿಕೊಂಡು, ನಾಲ್ಕು ಚುಕ್ಕೆ ಇಟ್ಟು ಗೆರೆ ಎಳೆದೆ. ನಮ್ಮ ಮೆಣಸಗಿ ಉತ್ತರದ ಗೆರೆಗೆ ಆತುಕೊಂಡು ಬಂದಿತು. ಪೆನ್ಸಿಲು ಚೂಪಾಗಿದ್ದರೆ ಊರು ಒಳಗೆ, ಮೊಂಡಾದರೆ ಗೆರೆಯ ಅಡಿಗೆ! ಚೂಪು ಮಾಡಿಯೇ ಎಳೆದೆನೆಂದು ಬೇರೆ ಹೇಳಬೇಕಾಗಿಲ್ಲ.

ಇದು ಹುಡುಗಾಟಿಕೆಯೆಂದು ನಗುವವರು ನಗಲಿ. ಮಲಪ್ರಭೆಯ ದಂಡೆಯ ಎರಿಹೊಲದಿಂದ ಎದ್ದು ಹೋದವನಿಗೆ, ತನ್ನ ಮಾತು ಒರಟು ಎಂದು ಹಲವರ ಬಾಯಲ್ಲಿ ಕೇಳಿದವನಿಗೆ, ಒಂಬತ್ತನೆಯ ಶತಮಾನದ ರಾಷ್ಟ್ರಕೂಟರ ಆಸ್ಥಾನದಿಂದ ಸಾಕ್ಷಿ ದೊರೆತರೆ ಎದೆ ಉಬ್ಬದೆ ಇದ್ದೀತೆ?

ಮರುದಿನ ಗುರುಗಳಿಗೆ ನಕಾಶೆ ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿದರು. “ಚಲೋ ಆತು. ಇನ್ನೊಂದು ಪದ್ಯ ಐತಿ, ಅದನ್ನೂ ನೋಡು” ಎಂದು ಅದೇ ಪರಿಚ್ಛೇದದಲ್ಲಿ ತುಸು ಮುಂದೆ ಹಾಳೆ ತಿರುವಿದರು. ದೇಸಿ ಊರೂರಿಗೆ ಬೇರೆಯಾದ್ದರಿಂದ, ಕನ್ನಡಗಳ ದೋಷ ಇಷ್ಟೇ ಎಂದು ಎಣಿಸಹೊರಟರೆ ಸಾವಿರ ಹೆಡೆಯ ವಾಸುಕಿಗೂ ಬೇಸರ ಬಂದೀತು ಎಂಬುದು ಅದರ ಭಾವ. “ಕನ್ನಡ ಅಂದಿಲ್ಲ, ‘ಕನ್ನಡಂಗಳ್’ ಅಂದಾನ. ಬಹುವಚನ. ನಿನ್ನ ನಕಾಶೆಯೊಳಗ ಅದನ್ನ ಎಲ್ಲಿ ಇಡತೀ?”

ಇಡೀ ತಾಸು ಆ ಒಂದು ಕಂದಪದ್ಯದಲ್ಲೇ ಕಳೆಯಿತು. ಮೊದಲ ಪದ್ಯ ನನಗೆ ಹೆಮ್ಮೆ ಕೊಟ್ಟಿತ್ತು, ಎರಡನೆಯದು ಕೆಲಸ ಕೊಟ್ಟಿತು.

ರಜೆಗೆ ಊರಿಗೆ ಹೋದಾಗ ಅವ್ವ ಕೇಳಿದಳು: “ಅಲ್ಲೇನ ಓದತಿಯೋ ತಮ್ಮಾ?”

“ಕನ್ನಡನವ್ವ.”

“ಕನ್ನಡಾ? ಅದನ್ನ ಕಲಿಯಾಕ ಧಾರವಾಡಕ್ಕ ಹೋಗಬೇಕೇನು?”

ಉತ್ತರ ಹೇಳುವಷ್ಟರಲ್ಲಿ ಅಕ್ಕ ಅವ್ವನಿಗೆ ಇನ್ನೊಂದು ರೊಟ್ಟಿ ಹಾಕಹೋದಳು. ಅವ್ವ, “ಒಲ್ಲೆ” ಎಂದಳು. ನನ್ನ ಕಿವಿ ನಿಮಿರಿತು. ಹಿಂದಿನ ವಾರವಷ್ಟೇ ಹಳಗನ್ನಡದ ನಿಷೇಧರೂಪದ ಪಾಠವಾಗಿತ್ತು. ‘ಇಲ್ಲ’ ಎನ್ನುವ ಪ್ರತ್ಯೇಕ ಅಂಗ ಅದಕ್ಕೆ ಬೇಡ. ಧಾತುವಿಗೆ ನೇರವಾಗಿ ಪುರುಷಪ್ರತ್ಯಯ ಹತ್ತಿದರೆ ಸಾಕು, ನಿಷೇಧವಾಯಿತು. ನಾ ಒಲ್ಲೆ, ನೀ ಒಲ್ಲಿ, ಅವ ಒಲ್ಲ, ಅಕಿ ಒಲ್ಲಳು, ಅವರು ಒಲ್ಲರು. ‘ಬೇಡ’ ಎಂಬುದಕ್ಕೆ ಈ ಮೈಬಾಗು ಎಲ್ಲಿದೆ? ಕೇಶಿರಾಜ ಹದಿಮೂರನೆಯ ಶತಮಾನದಲ್ಲಿ ‘ಶಬ್ದಮಣಿದರ್ಪಣ’ ಬರೆದ. ಅವ್ವ ಅದರ ಹೆಸರನ್ನೂ ಕೇಳಿದವಳಲ್ಲ.

ಅಂದಿನ ನೋಟು ಪುಸ್ತಕಗಳು 2009ರ ನೆರೆಯಲ್ಲಿ ತೊಯ್ದು ಶಾಯಿ ಕದಡಿ ಹೋದವು. ಹೊಳೆಗೆ ವ್ಯಾಕರಣ ಯಾಕೆ ಬೇಕಾಗಿತ್ತೋ!

ಈಗ ಪಾಠ ಹೇಳುವ ಸರದಿ ನನ್ನದು. ಮೊನ್ನೆ ಒಬ್ಬ ಹುಡುಗ ಪ್ರಬಂಧ ಓದಲು ನಿಂತವನು ತಡವರಿಸಿ, “ನಮ್ಮ ಕಡೆ ಮಾತು ಶುದ್ಧ ಇಲ್ಲರೀ ಸರ್” ಎಂದ. ತಿರುಳಿನ ಪದ್ಯ ಬಾಯಿಗೆ ಬಂದಿತು, ನುಂಗಿಕೊಂಡೆ. ಆ ಪದ್ಯ ಅವನಿಗೆ ಸಮಾಧಾನ ಕೊಟ್ಟೀತು. ಆದರೆ ಗೆರೆಯಾಚೆಯ ಊರಿನಿಂದ ಬಂದು ಅವನ ಪಕ್ಕದಲ್ಲೇ ಕುಳಿತಿದ್ದ ಹುಡುಗಿಗೆ ಏನು ಹೇಳಲಿ?

“ನಿಮ್ಮ ಮನ್ಯಾಗ ಇನ್ನೊಂದು ರೊಟ್ಟಿ ಹಾಕಾಕ ಬಂದರ ಏನಂತೀರಿ?” ಎಂದು ಇಬ್ಬರನ್ನೂ ಕೇಳಿದೆ. ಇಬ್ಬರ ಮಾತನ್ನೂ ಹಲಗೆಯ ಮೇಲೆ ಬರೆಸಿ, ಆಮೇಲೆ ಕೇಶಿರಾಜನನ್ನು ತೆರೆದೆವು.